ದೇವರ ಕುರ್ಚಿ ಯಾವ ಲೆಕ್ಕಕ್ಕೆ?

ನಮ್ಮ ಆಡಿಟ್ ಆಫೀಸಿನಲ್ಲಿ ಯಾರಿಗೂ ಸ್ವಂತ ಕುರ್ಚಿ ಇಲ್ಲ. ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ಆ್ಯಪ್ ತೆರೆದು ಅವತ್ತಿನ ಜಾಗ ಬುಕ್ ಮಾಡಬೇಕು. ಪಾರ್ಟ್‌ನರ್ ಆದರೂ ಅಷ್ಟೇ, ಸಿಎ ಓದುತ್ತ ಕೆಲಸ ಕಲಿಯುವ ನನ್ನಂಥ ಆರ್ಟಿಕಲ್ ಆದರೂ ಅಷ್ಟೇ ಎಂದು ಸೇರಿದ ದಿನ ಭಾಷಣ ಮಾಡಿದ್ದರು. ಕೇಳಿ ಖುಷಿಯಾಗಿತ್ತು. ಆಮೇಲೆ ನೋಡಿದರೆ, ಕಿಟಕಿ ಪಕ್ಕದ ಸೀಟುಗಳು ಆ್ಯಪ್‌ನಲ್ಲಿ ಹಸಿರಾಗಿ ಖಾಲಿ ಕಾಣುತ್ತವೆ, ಹತ್ತಿರ ಹೋದರೆ ಬೆನ್ನಿಗೆ ಯಾರದೋ ಸ್ವೆಟರು ನೇತಾಡುತ್ತಿರುತ್ತದೆ. ಸ್ವೆಟರಿಗೆ ಬುಕಿಂಗ್ ಬೇಕಿಲ್ಲ.

ಮೊನ್ನೆ ಪ್ರಿಂಟರ್ ಪಕ್ಕದ ಸೀಟು ನನಗೆ ಸಿಕ್ಕಿತ್ತು. ಹೋದರೆ ಅಲ್ಲೊಬ್ಬರು ಹೆಡ್‌ಫೋನ್ ಹಾಕಿಕೊಂಡು ಕಾಲ್‌ನಲ್ಲಿದ್ದರು. ನನ್ನನ್ನು ನೋಡಿ ಎರಡು ಬೆರಳು ಎತ್ತಿದರು. ಎರಡು ನಿಮಿಷ ಅಂತ ಅರ್ಥ ಮಾಡಿಕೊಂಡೆ. ಎರಡು ಗಂಟೆ ಇರಬೇಕು. ಲ್ಯಾಪ್‌ಟಾಪನ್ನು ಹಸುಗೂಸಿನಂತೆ ಎದೆಗೆ ಅವಚಿಕೊಂಡು ನಿಂತಿದ್ದಾಗ ಆರ್ಟಿಕಲ್‌ಶಿಪ್ ಬಗ್ಗೆ ಒಂದು ಘನವಾದ ವಿಚಾರ ಹೊಳೆಯಿತು. ಅದನ್ನು ಹೇಳೋಣ ಎಂದೇ ಬರೆಯಲು ಕೂತೆ. ಆದರೆ ಅದಕ್ಕೆ ಮೊದಲು ನೆಲಮಂಗಲದ ಗೋಡೌನಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಥವಾಗುವುದಿಲ್ಲ.

ಮಾರ್ಚ್ 31. ನಮ್ಮಲ್ಲಿ ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಲೆಕ್ಕದ ವರ್ಷ ಮುಗಿಯುವ ದಿನ. ಅವತ್ತು ಆಡಿಟ್ ಆಫೀಸುಗಳಲ್ಲಿರುವ ಹುಡುಗ ಹುಡುಗಿಯರನ್ನೆಲ್ಲ ಊರ ಸುತ್ತಲಿನ ಗೋಡೌನುಗಳಿಗೆ ಚೆಲ್ಲುತ್ತಾರೆ. ಸ್ಟಾಕ್ ಎಣಿಸುವುದಕ್ಕೆ. ನನ್ನ ಜೊತೆಯವಳೊಬ್ಬಳಿಗೆ ಚಾಕೊಲೇಟ್ ಗೋಡೌನು ಬಿತ್ತು, ಎಸಿ ಇತ್ತು. ನನಗೆ ಬಿದ್ದದ್ದು ಪ್ಲಾಸ್ಟಿಕ್ ಕುರ್ಚಿ. ಮೆಟ್ರೋದಲ್ಲಿ ಮಾದಾವರದವರೆಗೆ ಹೋಗಿ, ಅಲ್ಲಿಂದ ಬಸ್ಸು, ಅಲ್ಲಿಂದ ಆಟೋ. ಮೇಲೆ ತಗಡಿನ ಶೀಟು, ಕೆಳಗೆ ಕುರ್ಚಿಗಳ ಗೋಪುರ. ಮದುವೆ ಮನೆಯ ಬಿಳಿ, ಹೋಟೆಲಿನ ಕೆಂಪು, ಕಟಿಂಗ್ ಶಾಪಿನ ನೀಲಿ. ಒಂದರ ಮೇಲೊಂದು 25.

ಅಷ್ಟೊಂದು ಕುರ್ಚಿಗಳ ನಡುವೆ ನಾನು ನಿಂತೇ ಇದ್ದೆ. ಕ್ಲೈಂಟಿನ ಮಾಲಿನ ಮೇಲೆ ಕೂರಬಾರದು, ನೋಡಿದವರು ಏನಂದುಕೊಳ್ಳುತ್ತಾರೆ ಎಂದು ಸೀನಿಯರ್ ಮೊದಲೇ ಹೇಳಿ ಕಳಿಸಿದ್ದ. ಕ್ಲೈಂಟಿನ ಷೇರು ಇಟ್ಟುಕೊಳ್ಳಬಾರದು ಎನ್ನುವುದು ಸರಿ, ಸೇರುವಾಗಲೇ ಬರೆಸಿಕೊಂಡಿದ್ದಾರೆ. ಕುರ್ಚಿಯ ಮೇಲೆ ಕೂರಬಾರದು ಎಂದು ಯಾವ ಆಡಿಟ್ ಸ್ಟ್ಯಾಂಡರ್ಡಿನಲ್ಲಿದೆಯೋ ಅವನನ್ನೇ ಕೇಳಬೇಕು.

ಗೋಡೌನಿನ ಸೂಪರ್‌ವೈಸರ್ ಐವತ್ತು ದಾಟಿದವರು. ಎಣಿಸುವಾಗ ಒಂದು ಎನ್ನುತ್ತಿರಲಿಲ್ಲ. ನಮ್ಮಜ್ಜ ಸೇರಿನಲ್ಲಿ ರಾಗಿ ಅಳೆಯುತ್ತಿದ್ದ ಹಾಗೆ "ಲಾಭ" ಅಂತಲೇ ಶುರು ಮಾಡಿ, ಆಮೇಲೆ ಎರಡು, ಮೂರು. ಎಲ್ಲ ಚೆನ್ನಾಗಿ ನಡೆದಿತ್ತು. ನಡುವಿನ ಸಾಲಿನ ಒಂದು ಗೋಪುರ ಹೊರಗೆ ತೆಗೆಸಿ ಎಂದಾಗ ಮಾತ್ರ ಅವರ ಮುಖ ಸಣ್ಣದಾಯಿತು.

"ಯಾಕೆ ಮೇಡಂ, ನಂಬಿಕೆ ಇಲ್ವಾ?"

ನನಗೆ ಪೂರ್ತಿ ನಂಬಿಕೆ ಇತ್ತು ಸರ್. ನಂಬಿಕೆಯಿದ್ದರೂ ಹೀಗೆ ತೆಗೆಸಿ ನೋಡುವ ಗತಿ ತಂದಿಟ್ಟವನು ಫಿಲಿಪ್ ಮ್ಯೂಸಿಕಾ. ಅಮೆರಿಕದವನು, ಜೈಲು ಕಂಡು ಬಂದವನು. ಹೆಸರು ಬದಲಿಸಿಕೊಂಡು ಮೆಕೆಸನ್ ಅಂಡ್ ರಾಬಿನ್ಸ್ ಎಂಬ ಔಷಧ ಕಂಪನಿಗೆ ಯಜಮಾನನಾದ. ಮೂವರು ತಮ್ಮಂದಿರೂ ಬೇರೆ ಬೇರೆ ಹೆಸರಿನಲ್ಲಿ ಜೊತೆಗಿದ್ದರು. ಕೆನಡಾದ ಗೋದಾಮುಗಳಲ್ಲಿ ರಾಶಿ ರಾಶಿ ಸರಕಿದೆ ಎಂದು ಕಾಗದ ತೋರಿಸಿದರು. ಕಾಗದ ಚೆನ್ನಾಗಿತ್ತು, ಆಡಿಟರುಗಳು ಟಿಕ್ ಹಾಕಿದರು. ಹೋಗಿ ನೋಡಬೇಕೆಂಬ ಕಡ್ಡಾಯ ಆಗ ಇರಲಿಲ್ಲ. 1938ರ ಕೊನೆಗೆ ಗುಟ್ಟು ರಟ್ಟಾದಾಗ ಪುಸ್ತಕದಲ್ಲಿದ್ದ 8.7 ಕೋಟಿ ಡಾಲರ್ ಆಸ್ತಿಯಲ್ಲಿ ಸುಮಾರು 1.9 ಕೋಟಿ ಬರೀ ಗಾಳಿ. ಮರುವರ್ಷವೇ ಅಲ್ಲಿ ನಿಯಮ ಬಂತು: ಆಡಿಟರ್ ಹೋಗಿ ಕಣ್ಣಾರೆ ನೋಡಬೇಕು. ನಮ್ಮಲ್ಲಿ ಅದು ಎಸ್‌ಎ 501 ಎಂಬ ಆಡಿಟ್ ಸ್ಟ್ಯಾಂಡರ್ಡಿನಲ್ಲಿದೆ. ನಿಯಮದಲ್ಲಿ ಆಡಿಟರ್ ಎಂದರೆ ಪಾರ್ಟ್‌ನರ್ ಅಂತ ನೀವು ತಿಳಿದುಕೊಳ್ಳಬಹುದು. ಪಾರ್ಟ್‌ನರ್ ಅವತ್ತು ಎಸಿಯಲ್ಲಿದ್ದರು. ಎಲ್ಲೋ ಅಮೆರಿಕದ ಕನೆಕ್ಟಿಕಟ್‌ನಲ್ಲಿ ಯಾರೋ ಮಾಡಿದ ಮೋಸಕ್ಕೆ ನೆಲಮಂಗಲದಲ್ಲಿ ನಾನು ಬೆವರಬೇಕು.

ಮಧ್ಯದ ಗೋಪುರವೂ ಸರಿಯಾಗಿತ್ತು. ಆದರೆ ಒಟ್ಟು ಲೆಕ್ಕದಲ್ಲಿ ಎರಡು ಕುರ್ಚಿ ಕಡಿಮೆ ಬಂತು. ಇನ್ನೊಮ್ಮೆ ಎಣಿಸಿದೆವು. ಎರಡೇ ಕಡಿಮೆ. ಸೂಪರ್‌ವೈಸರ್ ತಲೆ ಕೆರೆದುಕೊಂಡು ಗೇಟಿನ ಕಡೆ ನಡೆದರು. ಅಲ್ಲಿ ವಾಚ್‌ಮನ್ ತಾತ ಹೊಸ ನೀಲಿ ಕುರ್ಚಿಯಲ್ಲಿ ಕೂತು ಬೀಡಿ ಸೇದುತ್ತಿದ್ದರು.

"ತಾತಾ, ಸ್ವಲ್ಪ ಏಳು. ಆಡಿಟ್ ಆಗ್ತಿದೆ."

ತಾತ ಎದ್ದರು. ಕುರ್ಚಿಯನ್ನು ತಿರುಗಿಸಿ ಮಾಡೆಲ್ ನಂಬರ್ ನೋಡಿ ಬರೆದುಕೊಂಡೆ. ತಾತ ಮತ್ತೆ ಕೂತರು. ಲೆಕ್ಕಪತ್ರದ ಘನತೆ ಅಂದರೆ ಇದೇ ಇರಬೇಕು.

ಎರಡನೆಯದು ಗೋಡೌನಿನ ಮೂಲೆಯಲ್ಲಿ ಸಿಕ್ಕಿತು. ಬಿಳಿ ಕುರ್ಚಿ, ಮೇಲೆ ಕೆಂಪು ವಸ್ತ್ರ, ಅದರ ಮೇಲೆ ಆಂಜನೇಯನ ಫೋಟೋ, ಮುಂದೆ ಗಂಧದಕಡ್ಡಿ. "ದೇವರನ್ನ ಎಬ್ಬಿಸೋಕಾಗುತ್ತಾ ಮೇಡಂ?" ಅಂದರು ಸೂಪರ್‌ವೈಸರ್. ಆಗುವುದಿಲ್ಲ. ಆದರೆ ಇದನ್ನು ಯಾವುದಕ್ಕೆ ಸೇರಿಸುವುದು? ಮಾರುವ ಮಾಲು ಎಂದರೆ ಸ್ಟಾಕು. ಇಲ್ಲೇ ಬಳಸುತ್ತಿದ್ದಾರೆ ಎಂದರೆ ಪೀಠೋಪಕರಣ, ಅದಕ್ಕೆ ಸವಕಳಿ ಹಾಕಬೇಕು. ಕಡ್ಡಿಯ ಕಿಡಿ ಬಿದ್ದು ಕೈಪಟ್ಟಿಯಲ್ಲಿ ಎರಡು ತೂತಾಗಿದ್ದವು, ಹಾಗಾಗಿ ಡ್ಯಾಮೇಜ್ ಪಟ್ಟಿಗೂ ಬರುತ್ತದೆ. ಸೀನಿಯರಿಗೆ ಫೋನ್ ಮಾಡಿದೆ. ಅವನು ಮ್ಯಾನೇಜರಿಗೆ ಮಾಡಿದ. ಮ್ಯಾನೇಜರ್ ವಾಪಸ್ ಮಾಡಿ, ಫೋಟೋ ಯಾರು ತಂದಿಟ್ಟದ್ದು, ಕಂಪನಿಯದಾ, ಸ್ವಂತದ್ದಾ ಎಂದು ವಿಚಾರಿಸಿದರು. ಕುರ್ಚಿಯ ಬೆಲೆ ನಾಲ್ಕು ನೂರೋ ಐನೂರೋ. ಈ ಮೂರು ಫೋನಿನಲ್ಲಿ ಖರ್ಚಾದ ಸಮಯಕ್ಕೆ ನಮ್ಮ ಆಫೀಸು ಕ್ಲೈಂಟಿಗೆ ಹಾಕುವ ದರದಲ್ಲಿ ಒಂದು ಕಲ್ಯಾಣ ಮಂಟಪಕ್ಕೆ ಕುರ್ಚಿ ಕೊಳ್ಳಬಹುದಿತ್ತು.

ಅಷ್ಟರಲ್ಲಿ ಹೊರಗೆ ಲಾರಿಯೊಂದು ಬಂತು. ಲೆಕ್ಕ ನಡೆಯುವಾಗ ಮಾಲು ಒಳಗೂ ಬರಬಾರದು, ಹೊರಗೂ ಹೋಗಬಾರದು. ಇಳಿಸುವ ಹಾಗಿಲ್ಲ ಎಂದೆ. ಡ್ರೈವರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಕ್ಕ, ನಂಗೆ ರಾತ್ರಿ ಹೊಸೂರು ಮುಟ್ಬೇಕು" ಅಂದ. ನಾನೇನು ಮಾಡಲಿ? ಮ್ಯೂಸಿಕಾನ ಕಥೆ ಅವನಿಗೆ ಹೇಳಲಾ? ದೇವರ ಕುರ್ಚಿ ತೀರ್ಮಾನವಾಗುವವರೆಗೂ ಇಬ್ಬರೂ ಲಾರಿಯ ನೆರಳಿನಲ್ಲಿ ನಿಂತೆವು. ಅವನ ಹತ್ತಿರ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಇತ್ತು.

ನಮ್ಮ ಸೀನಿಯರುಗಳಿಗೆ ಇದನ್ನೆಲ್ಲ ಹೇಳಿಕೊಂಡರೆ ಒಂದೇ ಉತ್ತರ. "ನಿಮಗೇನಮ್ಮ, ಎರಡೇ ವರ್ಷ. ನಾವು ಮೂರು ವರ್ಷ ಮಾಡಿದ್ದೀವಿ." 2023ರಲ್ಲಿ ನಿಯಮ ಬದಲಾಗಿ ಆರ್ಟಿಕಲ್‌ಶಿಪ್ ಎರಡು ವರ್ಷಕ್ಕಿಳಿಯಿತು. ಅದನ್ನು ನಾವೇ ಯಾರದೋ ಕೈಕಾಲು ಹಿಡಿದು ಮಾಡಿಸಿಕೊಂಡ ಹಾಗೆ ಆಡುತ್ತಾರೆ. ಕಷ್ಟಕ್ಕೂ ಇವರಿಗೆ ಸೀನಿಯಾರಿಟಿ ಬೇಕು.

ನಿಜವಾದ ಕಷ್ಟ ಟೈಮ್‌ಶೀಟು. ದಿನದ ಒಂದೊಂದು ಗಂಟೆಯೂ ಯಾವುದಾದರೂ ಕ್ಲೈಂಟಿನ ಕೋಡಿಗೆ ಹೋಗಬೇಕು. ಗೋಡೌನಿನ ದಿನದ್ದನ್ನು ಪ್ರಾಮಾಣಿಕವಾಗಿ ತುಂಬಿದೆ. ಮರುದಿನ ಮ್ಯಾನೇಜರ್ ಕರೆದು, ಬಜೆಟ್ ಮೀರಿದೆ, ಒಂದು ಗಂಟೆ ತೆಗಿ ಎಂದರು. ಯಾವ ಗಂಟೆ? ಎಣಿಸಿದ್ದು ತೆಗೆಯುವ ಹಾಗಿಲ್ಲ. ಆಂಜನೇಯನದು ಅವರೇ ಭಾಗವಹಿಸಿದ ವಿಷಯ. ಉಳಿದದ್ದು ಲಾರಿ. ಅದನ್ನು ಎಲ್ಲಿ ಹಾಕಲಿ ಎಂದೆ. ಸ್ಕ್ರೀನ್ ನೋಡುತ್ತಲೇ "ಟ್ರೈನಿಂಗ್‌ಗೆ ಹಾಕು" ಅಂದರು. ಹಾಕಿದೆ. ಕೆಳಗೆ ಟ್ರೈನಿಂಗಿನ ವಿಷಯ ಏನು ಎಂದು ಕೇಳಿತು, ಖಾಲಿ ಬಿಟ್ಟರೆ ಸೇವ್ ಆಗುವುದಿಲ್ಲ. ಮಾವಿನಕಾಯಿ ಎಂದು ಬರೆದೆ. ಅಪ್ರೂವ್ ಆಗಿ ಬಂದಿದೆ.