ತಿಂಗಳಿಗೆ ₹20,500 ‘ಜೀವನಪೂರ್ತಿ’: ಸ್ಪಷ್ಟನೆ

‘ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ₹30 ಲಕ್ಷ ಇಡಿ, ತಿಂಗಳಿಗೆ ₹20,500 ತೆರಿಗೆಯಿಲ್ಲದೆ ಜೀವನಪೂರ್ತಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಗುಣಾಕಾರ ಸರಿ, ಉಳಿದದ್ದು ತಪ್ಪು. ಶೇ 8.2ರ ದರದಲ್ಲಿ ಬಡ್ಡಿ ಬರುವುದು ಮೂರು ತಿಂಗಳಿಗೊಮ್ಮೆ, ₹61,500. ಆ ದರ ಐದು ವರ್ಷಕ್ಕಷ್ಟೇ ಖಾತ್ರಿ. ಮುಂದುವರಿಸಿದರೆ ಆಗಿನ ದರ. ಬಡ್ಡಿಗೆ ತೆರಿಗೆಯೂ ಉಂಟು.

ದೊಡ್ಡ ಹೊಡೆತ ಬೆಲೆ ಏರಿಕೆಯದು. ವರ್ಷಕ್ಕೆ ಶೇ 6ರಂತೆ ಏರಿದರೆ ಇವತ್ತು ₹20,500ಕ್ಕೆ ಬರುವ ದಿನಸಿ, ಔಷಧಿಗೆ 12 ವರ್ಷದ ಬಳಿಕ ₹41,000 ಬೇಕು. ಬಡ್ಡಿ ಮಾತ್ರ ಅಲ್ಲೇ ನಿಂತಿರುತ್ತದೆ. ಇದೇ ದರ ಸಿಗುತ್ತಾ ಹೋದರೂ (ಅದು ಅನುಮಾನವೇ), ಬೆಲೆಯೊಂದಿಗೆ ಖರ್ಚೂ ವರ್ಷಕ್ಕೆ ಶೇ 6ರಂತೆ ಏರುತ್ತಾ ಈ ದುಡ್ಡು 25 ವರ್ಷ ಬರಬೇಕಾದರೆ, ಅಸಲನ್ನೂ ಕರಗಿಸುತ್ತಾ ಮೊದಲ ವರ್ಷ ತಿಂಗಳಿಗೆ ಸುಮಾರು ₹13,000 ಮಾತ್ರ ಖರ್ಚು ಮಾಡಬಹುದು, ಅದೂ ತೆರಿಗೆಗೆ ಮುಂಚೆ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.