ಇಲ್ಲಿ ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಡಲಾಗುವುದು

ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸದ ವಸ್ತು ಅಂಗಡಿಯಲ್ಲಿ ಏನಾದರೂ ಉಳಿದಿದೆಯೇ ಎಂದು ಮೊನ್ನೆ ಹುಡುಕಿದೆ. ಪುಡಿ, ಮಾತ್ರೆ, ಪಾನೀಯ, ಬಿಸ್ಕತ್ತು ಎಲ್ಲವೂ ಅದೇ ಸೇವೆಗೆ ಟೊಂಕ ಕಟ್ಟಿ ನಿಂತಿವೆ. ಡಬ್ಬಿಯ ಮೇಲೆ ಗುರಾಣಿ ಹಿಡಿದ ವೀರ. ಕೊಂಬು ಮೂಡಿದ ಹಸಿರು ಕ್ರಿಮಿಗಳು ದಿಕ್ಕಾಪಾಲು.

ಹೆಚ್ಚಿಸಿ, ಸ್ವಾಮಿ. ಆದರೆ ಯಾವುದನ್ನು?

ಮುಳ್ಳು ಚುಚ್ಚಿದ ಜಾಗದಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ರಕ್ತನಾಳಗಳು ಹಿಗ್ಗುತ್ತವೆ. ಕೆಂಪು, ಬಿಸಿ, ಊತ, ನೋವು: ಇದೇ ನಮ್ಮ ಜನ್ಮಜಾತ ರಕ್ಷಣಾ ವ್ಯವಸ್ಥೆಯ ಕೆಲಸ. ಮೊದಲು ಓಡಿಬರುವವು ನ್ಯೂಟ್ರೋಫಿಲ್‌ಗಳೆಂಬ ಬಿಳಿ ರಕ್ತಕಣಗಳು. ಮೂಳೆಯ ಮಜ್ಜೆ ಇವುಗಳನ್ನು ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿ ತಯಾರಿಸುತ್ತದೆ, ಯಾವ ಪುಡಿಯ ನೆರವೂ ಇಲ್ಲದೆ. ಅವು ಬ್ಯಾಕ್ಟೀರಿಯಾಗಳನ್ನು ನುಂಗುತ್ತವೆ, ಸಾಯುತ್ತವೆ, ಕೀವಾಗುತ್ತವೆ. ‘ನಮ್ಮ ಪುಡಿ ಸೇವಿಸಿ, ಸಮೃದ್ಧವಾಗಿ ಕೀವು ಪಡೆಯಿರಿ’ ಎಂಬ ಜಾಹೀರಾತನ್ನು ನಾನಂತೂ ಇನ್ನೂ ನೋಡಿಲ್ಲ. ಸಿಂಬಳಕ್ಕೂ ಅದೇ ಅನ್ಯಾಯ. ಬ್ಯಾಕ್ಟೀರಿಯಾದ ಗೋಡೆ ಒಡೆಯುವ ಲೈಸೋಜೈಮ್ ಎಂಬ ಕಿಣ್ವ ವಿಜ್ಞಾನಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರಿಗೆ ಸಿಕ್ಕಿದ್ದು ನೆಗಡಿಯಾದ ಮೂಗಿನಲ್ಲಿ. ಡಬ್ಬಿಯ ಮೇಲೆ ಮೂಗಿನ ಚಿತ್ರವೆಲ್ಲಿದೆ?

ಜ್ವರದ ಕಥೆ ಇನ್ನೂ ಸೊಗಸು. ಸೋಂಕು ಕಂಡ ಜೀವಕೋಶಗಳು ಸೈಟೊಕೈನ್‌ಗಳೆಂಬ ಸಂದೇಶವಾಹಕ ಪ್ರೋಟೀನ್‌ಗಳ ಮೂಲಕ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ; ಮೆದುಳು ದೇಹದ ಕಾವನ್ನು ಬೇಕೆಂದೇ ಏರಿಸುತ್ತದೆ. ಶಕ್ತಿವರ್ಧಕ ನುಂಗಿದ ಸಜ್ಜನರು ಕೂಡಲೇ ಜ್ವರದ ಮಾತ್ರೆಗೆ ಕೈ ಹಾಕುತ್ತಾರೆ. (ತಪ್ಪೇನಿಲ್ಲ, ಮೈಕೈ ನೋವು ತಡೆಯಲಾಗದಿದ್ದರೆ ನಾನೂ ನುಂಗುತ್ತೇನೆ.) ಒಂದೇ ಸೈನ್ಯಕ್ಕೆ ಬೆಳಿಗ್ಗೆ ಬಡ್ತಿ, ಸಂಜೆ ಅಮಾನತು.

ನಿಜವಾಗಿಯೂ ಈ ವ್ಯವಸ್ಥೆಯನ್ನು ಬಡಿದೆಬ್ಬಿಸುವ ಮದ್ದು ಇಲ್ಲವೆಂದಲ್ಲ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಇಂಟರ್‌ಫೆರಾನ್ ಪತ್ತೆಹಚ್ಚಿದರು. ವೈರಸ್ ಹೊಕ್ಕ ಜೀವಕೋಶ ನೆರೆಹೊರೆಯವರನ್ನು ಎಚ್ಚರಿಸಲು ಸುರಿಸುವ ಪ್ರೋಟೀನ್ ಅದು. ಮುಂದೆ ಹೆಪಟೈಟಿಸ್ ಸಿ ಎಂಬ ಯಕೃತ್ತಿನ ವೈರಸ್ ಸೋಂಕಿನ ರೋಗಿಗಳಿಗೆ ಅದನ್ನೇ ಚುಚ್ಚುಮದ್ದಾಗಿ ಕೊಟ್ಟರು. ಚುಚ್ಚಿಸಿಕೊಂಡವರಿಗೆ ಚಳಿ, ಜ್ವರ, ಮೈಕೈ ನೋವು; ಕೆಲವರನ್ನು ಖಿನ್ನತೆಯೂ ಹಿಡಿಯಿತು. ಶಕ್ತಿ ಹೆಚ್ಚಿತೆಂದರೆ ಹಾಗಿರುತ್ತದೆ. ಸೋಂಕಿನ ವಿರುದ್ಧ ಅದು ಇನ್ನೂ ಮಿತಿಮೀರಿ ದೇಹದ ಅಂಗಗಳನ್ನೇ ಕೆಡಿಸಿದರೆ ಸೆಪ್ಸಿಸ್; ಕ್ರಿಮಿಗಿಂತ ಮೊದಲು ಕಾವಲುಗಾರನೇ ಮನೆ ಸುಡುತ್ತಾನೆ.

ಕೊನೆಗೆ ನಾನೂ ಒಂದು ಡಬ್ಬಿ ಕೈಗೆತ್ತಿಕೊಂಡು ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದೆ. ‘ಯಾವುದೇ ಅಡ್ಡಪರಿಣಾಮಗಳಿಲ್ಲ’ ಎಂದಿತ್ತು. ಇಡೀ ಡಬ್ಬಿಯಲ್ಲಿ ನಾನು ನಂಬಿದ್ದು ಅದೊಂದು ಸಾಲನ್ನು.