ಒಂದೇ ರಿಪೋರ್ಟ್ ನೋಡಿ ತೀರ್ಮಾನ ಬೇಡ

ಪದೇ ಪದೇ ಗರ್ಭಪಾತವಾದರೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ಮೈಯಲ್ಲಿನ ಕೆಲವು ಪ್ರತಿಕಾಯಗಳೇ ರಕ್ತ ಹೆಪ್ಪುಗಟ್ಟಿಸುವ ಕಾಯಿಲೆ) ಇದೆಯಾ ಎಂದು ನೋಡಿಸಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ತುಂಬಾ ಒಳ್ಳೆಯದಾಯಿತು. ಆದರೆ ಪರೀಕ್ಷೆಯ ವಿಷಯ ಒಂದೇ ಸಾಲಿನಲ್ಲಿ ಮುಗಿದಿದೆ. ಜನ ಗೊಂದಲಕ್ಕೆ ಬೀಳುವುದೇ ಅಲ್ಲಿ.

ಡೊಂಬಿವಲಿಯಲ್ಲಿರುವ ನಮ್ಮ ಅತ್ತಿಗೆಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಮದ್ದು ಶುರುವಾಗುವ ಮೊದಲಿನ ರಿಪೋರ್ಟಿನಲ್ಲೇ ಎಪಿಟಿಟಿ ಜಾಸ್ತಿ ಇತ್ತು. ಅಂದರೆ ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಬೇಕು. ಹಾಗಿದ್ದರೆ ರಕ್ತ ತೆಳು ಮಾಡುವ ಮಾತ್ರೆ ಯಾಕೆ ಅಂತ ಮನೆಯವರಿಗೆಲ್ಲ ಗಾಬರಿ. ಈ ಕಾಯಿಲೆಯ ವಿಚಿತ್ರವೇ ಇದು. ಲ್ಯೂಪಸ್ ಆಂಟಿಕೋಆಗ್ಯುಲಂಟ್ ಎಂಬ ಪ್ರತಿಕಾಯ ಲ್ಯಾಬಿನ ಟ್ಯೂಬಿನಲ್ಲಿ ಹೆಪ್ಪುಗಟ್ಟುವುದನ್ನು ತಡ ಮಾಡುತ್ತದೆ, ಮೈಯೊಳಗೆ ಮಾತ್ರ ಹೆಪ್ಪುಗಟ್ಟಿಸುತ್ತದೆ!

ಇದರ ಜೊತೆ ಇದೇ ಬಗೆಯ ಪ್ರತಿಕಾಯಗಳಾದ ಆಂಟಿಕಾರ್ಡಿಯೋಲಿಪಿನ್, ಆಂಟಿ ಬೀಟಾ-2 ಗ್ಲೈಕೋಪ್ರೋಟೀನ್ ಪರೀಕ್ಷೆಗಳೂ ಆಗಬೇಕು. ಒಮ್ಮೆ ಪಾಸಿಟಿವ್ ಬಂದರೆ ಸಾಲದು. ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು. ಯಾವುದೋ ಸೋಂಕು ಬಂದಾಗಲೂ ಇವು ಕಾಣಿಸಿಕೊಂಡು ಆಮೇಲೆ ಮಾಯವಾಗಬಹುದು. ರಕ್ತ ತೆಳು ಮಾಡುವ ಹೆಪಾರಿನ್, ವಾರ್ಫರಿನ್ ತಗೊಳ್ಳುತ್ತಿದ್ದರೆ ಲ್ಯಾಬಿನವರಿಗೆ ಮೊದಲೇ ಹೇಳಿ, ರಿಸಲ್ಟ್ ತಪ್ಪು ಬರಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಇನ್ನೊಂದು ಮಾತು. ವಾರ್ಫರಿನ್ ಶುರುವಾಯಿತು ಅಂತ ಮಾಟುಂಗಾ ಮಾರ್ಕೆಟ್ಟಿನ ಬಸಳೆ, ಹರಿವೆ ಪೂರ್ತಿ ಬಿಡಬೇಕಿಲ್ಲ. ಸೊಪ್ಪಿನಲ್ಲಿ ವಿಟಮಿನ್ ಕೆ ಇರುತ್ತದೆ, ಹಾಗಾಗಿ ವಾರ ವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನಿ. ಒಂದು ವಾರ ದಿನಾ ಬಸಳೆ ಪದಾರ್ಥ, ಮುಂದಿನ ವಾರ ಏನೂ ಇಲ್ಲ ಅಂದರೆ ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಐಎನ್‌ಆರ್ ಏರುಪೇರಾಗುತ್ತದೆ. ಮಗು ಬೇಕು ಅಂದುಕೊಂಡವರು ಮೊದಲೇ ಡಾಕ್ಟರಿಗೆ ತಿಳಿಸಿ. ವಾರ್ಫರಿನ್ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ, ಹೆಪಾರಿನ್ ಇಂಜೆಕ್ಷನ್‌ಗೆ ಬದಲಾಯಿಸುತ್ತಾರೆ.